ಮೀಟರ್ ಬದಲಿಸಿದರೆ ವಿದ್ಯುತ್ ಹೆಚ್ಚುವುದು ಹೇಗೆ?

ಪ್ರಶ್ನೆ: ಅಮೆರಿಕದ ಕೆಲವು ಅಣು ವಿದ್ಯುತ್ ಸ್ಥಾವರಗಳಲ್ಲಿ ನೀರಿನ ಹರಿವನ್ನು ಅಳೆಯುವ ಉಪಕರಣವನ್ನು ಬದಲಿಸಿಯೇ ಉತ್ಪಾದನೆ ಹೆಚ್ಚಿಸಿಕೊಂಡರು ಎಂದು ಓದಿದೆ. ಮೀಟರ್ ಬದಲಿಸಿದ ಮಾತ್ರಕ್ಕೆ ವಿದ್ಯುತ್ ಎಲ್ಲಿಂದ ಬರುತ್ತದೆ? ಸುರಕ್ಷತೆಗೆಂದು ಬಿಟ್ಟಿದ್ದ ಅಂತರವನ್ನೇ ಬಳಸಿಕೊಂಡಂತೆ ಆಗುವುದಿಲ್ಲವೇ?
– ಕಾರವಾರದ ಓದುಗರೊಬ್ಬರು

ಉತ್ತರ: ನೀವು ಕೇಳಿರುವುದು ಎರಡು ಪ್ರಶ್ನೆ. ಹೆಚ್ಚುವರಿ ವಿದ್ಯುತ್ತಿನ ಮೂಲ ಯಾವುದು ಎಂಬುದು ಒಂದು. ಅದಕ್ಕಾಗಿ ಸುರಕ್ಷತೆಯನ್ನು ಬಿಟ್ಟುಕೊಟ್ಟರೇ ಎಂಬುದು ಇನ್ನೊಂದು. ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಕೈಗಾದ ನೆರೆಯಲ್ಲಿರುವ ನಿಮಗೆ ಎರಡನೆಯದು ಮುಖ್ಯವಾಗಿ ಕಂಡಿದ್ದರೆ ಅದು ಸಹಜವೇ. ಮೊದಲನೆಯದಕ್ಕೆ ಉತ್ತರ ತಿಳಿಯದೆ ಎರಡನೆಯದು ಬಿಡಿಸಿಕೊಳ್ಳುವುದಿಲ್ಲವಾದ್ದರಿಂದ ಅಲ್ಲಿಂದಲೇ ಹೊರಡೋಣ.

ಅಣು ಸ್ಥಾವರದ ಪರವಾನಗಿಯಲ್ಲಿ ಬರೆದಿರುವ ಮಿತಿ ವಿದ್ಯುತ್ತಿನದಲ್ಲ, ಶಾಖದ್ದು. ರಿಯಾಕ್ಟರ್ ಎಷ್ಟು ಮೆಗಾವಾಟ್ ಶಾಖ ಹುಟ್ಟಿಸಬಹುದು ಎಂಬುದನ್ನು ಅಲ್ಲಿ ನಿಗದಿ ಮಾಡಿರುತ್ತಾರೆ. ಈ ಶಾಖದಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ವಿದ್ಯುತ್ತಾಗುತ್ತದೆ. ಉಳಿದದ್ದು ಸಮುದ್ರಕ್ಕೋ ನದಿಗೋ ಗಾಳಿಗೋ ಸೇರುತ್ತದೆ. ಟೆಕ್ಸಾಸ್ ರಾಜ್ಯದ ಕಮಾಂಚೆ ಪೀಕ್ ಸ್ಥಾವರವನ್ನು ಉದಾಹರಣೆಗೆ ತೆಗೆದುಕೊಳ್ಳಿ. ಅಲ್ಲಿನ ಒಂದೊಂದು ರಿಯಾಕ್ಟರಿಗೆ ಮೊದಲು ಇದ್ದ ಮಿತಿ 3,411 ಮೆಗಾವಾಟ್ ಶಾಖ. ವಿದ್ಯುತ್ ಲೆಕ್ಕದಲ್ಲಿ ಅದು ಸುಮಾರು 1,150 ಮೆಗಾವಾಟ್. ನಿಮ್ಮ ಕೈಗಾದ ಒಂದು ಘಟಕ 220 ಮೆಗಾವಾಟ್ ವಿದ್ಯುತ್ತಿನದು ಎಂಬುದನ್ನು ನೆನೆದರೆ ಗಾತ್ರದ ಅಂದಾಜು ಸಿಗುತ್ತದೆ.

ಹಾಗಾದರೆ ರಿಯಾಕ್ಟರ್ ಈಗ 3,411 ಮೆಗಾವಾಟ್ ಶಾಖ ಕೊಡುತ್ತಿದೆ ಎಂದು ನಿಯಂತ್ರಣ ಕೊಠಡಿಯಲ್ಲಿ ಕೂತವರಿಗೆ ತಿಳಿಯುವುದು ಹೇಗೆ? ಅನೇಕರು ಇಲ್ಲಿ ಎಡವುತ್ತಾರೆ. ರಿಯಾಕ್ಟರಿನ ಸುತ್ತ ನ್ಯೂಟ್ರಾನ್ ಎಣಿಸುವ ಉಪಕರಣಗಳಿವೆಯಲ್ಲ, ಅವು ಶಕ್ತಿಯನ್ನು ನೇರವಾಗಿ ಹೇಳುತ್ತವೆ ಎಂದು ಭಾವಿಸುವುದು ಸಾಮಾನ್ಯ. ಅವು ಹೇಳುವುದು ಏರಿಳಿತವನ್ನು, ಅದೂ ಕ್ಷಣಾರ್ಧದಲ್ಲಿ. ಅಪಾಯ ಕಂಡರೆ ರಿಯಾಕ್ಟರನ್ನು ಒಡನೆಯೇ ನಿಲ್ಲಿಸಲು ಅವು ಬೇಕೇ ಬೇಕು. ಆದರೆ ಇಂಧನ ಸವೆಯುತ್ತ ಹೋದಂತೆ ಉಪಕರಣವನ್ನು ತಲುಪುವ ನ್ಯೂಟ್ರಾನುಗಳ ಪ್ರಮಾಣವೂ ಬದಲಾಗುತ್ತದೆ. ಆದ್ದರಿಂದ ಅವು ತೋರಿಸುವ ಅಂಕಿಯನ್ನು ಇನ್ನೊಂದು ಲೆಕ್ಕಕ್ಕೆ ಹೋಲಿಸಿ ಪದೇ ಪದೇ ಸರಿಪಡಿಸಬೇಕಾಗುತ್ತದೆ. ಆ ಇನ್ನೊಂದು ಲೆಕ್ಕದ ಹೆಸರು ಶಾಖ ಸಮತೋಲನ.

ಶಾಖ ಸಮತೋಲನ ಶಾಲೆಯ ಭೌತವಿಜ್ಞಾನದ ಲೆಕ್ಕವೇ. ಹಬೆ ಉತ್ಪಾದಕದೊಳಕ್ಕೆ ಒಂದು ಕಡೆಯಿಂದ ಬಿಸಿನೀರು ಹೋಗುತ್ತದೆ, ಇನ್ನೊಂದು ಕಡೆಯಿಂದ ಹಬೆ ಬರುತ್ತದೆ. ಒಳಗೆ ಹೋದ ಪ್ರತಿ ಕಿಲೋಗ್ರಾಂ ನೀರು ಹಬೆಯಾಗಿ ಹೊರಬರುವಾಗ ಎಷ್ಟು ಶಾಖ ಹೀರಿತು ಎಂಬುದನ್ನು ಉಷ್ಣತೆ ಮತ್ತು ಒತ್ತಡ ಅಳೆದು, ಹಬೆಯ ಕೋಷ್ಟಕ ನೋಡಿ ಹೇಳಬಹುದು. ಆ ಅಂಕಿಯನ್ನು ಸೆಕೆಂಡಿಗೆ ಎಷ್ಟು ಕಿಲೋಗ್ರಾಂ ನೀರು ಹೋಯಿತು ಎಂಬ ಅಂಕಿಯಿಂದ ಗುಣಿಸಿ, ಪಂಪುಗಳು ಸೇರಿಸಿದ ಶಾಖವನ್ನೂ ಅಲ್ಲಲ್ಲಿ ಸೋರಿದ ಶಾಖವನ್ನೂ ಸರಿದೂಗಿಸಿದರೆ ರಿಯಾಕ್ಟರಿನ ಶಕ್ತಿ ಸಿಗುತ್ತದೆ. 3,411 ಮೆಗಾವಾಟಿನ ರಿಯಾಕ್ಟರಿನಲ್ಲಿ ಈ ನೀರು ಸುಮಾರು 225 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಒಳಗೆ ಹೋಗುತ್ತದೆ, ಪ್ರತಿ ಸೆಕೆಂಡಿಗೆ ಹೆಚ್ಚುಕಡಿಮೆ 1,900 ಕಿಲೋಗ್ರಾಂ. ಇದನ್ನು ಪೂರೈಕೆ ನೀರು ಎನ್ನೋಣ.

ಉಷ್ಣತೆ, ಒತ್ತಡ, ಹರಿವು ಈ ಮೂರೂ ಅಳತೆಗಳೇ. ಮೂರರಲ್ಲೂ ಅಷ್ಟಿಷ್ಟು ತಪ್ಪಿಗೆ ಅವಕಾಶವಿದೆ. ಆದರೆ ಮೂರೂ ತಪ್ಪುಗಳಿಗೆ ಒಂದೇ ತೂಕವಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ ತಪ್ಪುಗಳನ್ನು ಒಟ್ಟುಮಾಡುವಾಗ ಒಂದೊಂದರ ವರ್ಗ ತೆಗೆದು, ಕೂಡಿಸಿ, ಮೊತ್ತದ ವರ್ಗಮೂಲ ಕಂಡುಹಿಡಿಯುತ್ತಾರೆ. ಹರಿವಿನ ಅಳತೆಯಲ್ಲಿ ಶೇ 1.5ರಷ್ಟು, ಉಳಿದೆಲ್ಲ ಸೇರಿ ಶೇ 0.3ರಷ್ಟು ತಪ್ಪು ಸಾಧ್ಯ ಎಂದು ಲೆಕ್ಕಕ್ಕೆ ಹಿಡಿಯಿರಿ. ಒಟ್ಟು ತಪ್ಪು ಸುಮಾರು ಶೇ 1.53. ಈಗ ಉಳಿದವುಗಳ ತಪ್ಪನ್ನು ಪೂರ್ತಿ ಸೊನ್ನೆಗೆ ಇಳಿಸಿದರೂ ಒಟ್ಟು ತಪ್ಪು ಶೇ 1.5ಕ್ಕೆ ಮಾತ್ರ ಇಳಿದೀತು. ಅದರ ಬದಲು ಹರಿವಿನ ತಪ್ಪನ್ನೊಂದೇ ಶೇ 0.3ಕ್ಕೆ ತಂದರೆ ಒಟ್ಟು ತಪ್ಪು ಸುಮಾರು ಶೇ 0.42ಕ್ಕೆ ಇಳಿಯುತ್ತದೆ. ಎಂಜಿನಿಯರುಗಳು ಹರಿವಿನ ಮೀಟರಿನ ಹಿಂದೆಯೇ ಬಿದ್ದದ್ದಕ್ಕೆ ಇದೇ ಕಾರಣ.

ಹಳೆಯ ಮೀಟರು ವೆಂಚುರಿ. ಇಟಲಿಯ ಜಿಯೊವಾನಿ ವೆಂಚುರಿಯ ಹೆಸರು ಹೊತ್ತಿರುವ ಇದನ್ನು 1880ರ ದಶಕದಲ್ಲಿ ಮೀಟರಿನ ರೂಪಕ್ಕೆ ತಂದವನು ಅಮೆರಿಕದ ಎಂಜಿನಿಯರ್ ಕ್ಲೆಮೆನ್ಸ್ ಹರ್ಷೆಲ್. ಕೊಳವೆಯ ನಡುವೆ ಒಂದು ಕಡೆ ಕತ್ತು ಕಿರಿದಾಗಿರುತ್ತದೆ. ಅಲ್ಲಿ ನೀರಿನ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ. ಇಳಿದ ಒತ್ತಡವನ್ನು ಅಳೆದು ಹರಿವನ್ನು ಲೆಕ್ಕ ಹಾಕುತ್ತಾರೆ. ಅಲುಗುವ ಭಾಗಗಳಿಲ್ಲ, ದಶಕಗಟ್ಟಲೆ ಕೆಡದೆ ದುಡಿಯುತ್ತದೆ. ನನ್ನ ದೃಷ್ಟಿಯಲ್ಲಿ ಎಂಜಿನಿಯರಿಂಗ್ ಇತಿಹಾಸದ ಅತ್ಯಂತ ಸೊಗಸಾದ ಉಪಕರಣಗಳಲ್ಲಿ ಇದೊಂದು.

ಆದರೆ ಅಣು ಸ್ಥಾವರದ ಬಿಸಿನೀರಿನಲ್ಲಿ ಅದಕ್ಕೊಂದು ಕಾಯಿಲೆ ಅಂಟುತ್ತದೆ. ನೀರಿನಲ್ಲಿರುವ ಕಬ್ಬಿಣದ ಆಕ್ಸೈಡಿನಂಥ ಸೂಕ್ಷ್ಮ ಕಣಗಳು ಕತ್ತಿನ ಒಳಮೈಗೆ ತೆಳ್ಳಗೆ ಲೇಪಿಸಿಕೊಳ್ಳುತ್ತವೆ. ಕತ್ತು ಇನ್ನಷ್ಟು ಕಿರಿದಾಗುತ್ತದೆ, ಒತ್ತಡ ಇನ್ನಷ್ಟು ಇಳಿಯುತ್ತದೆ, ಹರಿವು ನಿಜಕ್ಕಿಂತ ಹೆಚ್ಚು ಎಂದು ಮೀಟರು ತೋರಿಸತೊಡಗುತ್ತದೆ. ಶಕ್ತಿ ಮಿತಿ ಮುಟ್ಟಿತು ಎಂದು ನಂಬಿದ ಸಿಬ್ಬಂದಿ ರಿಯಾಕ್ಟರನ್ನು ಸ್ವಲ್ಪ ಇಳಿಸುತ್ತಾರೆ. ನಿಜವಾಗಿ ಅದು ಮಿತಿಗಿಂತ ಕೆಳಗೇ ಇತ್ತು. ಸುರಕ್ಷತೆಗೆ ಇದರಿಂದ ಧಕ್ಕೆಯಿಲ್ಲ, ಸ್ಥಾವರಕ್ಕೆ ಮಾತ್ರ ನಷ್ಟ. ಅಪಾಯವಿರುವುದು ಇದರ ತಿರುಗುಮುರುಗಿನಲ್ಲಿ. ಲೇಪವಿದೆ ಎಂದು ತಿಳಿದು ಮೀಟರಿನ ಓದನ್ನು ತಿದ್ದಿಕೊಂಡ ಮೇಲೆ, ಯಾವುದೋ ಏರುಪೇರಿನಲ್ಲಿ ಆ ಲೇಪ ಕಿತ್ತುಹೋದರೆ, ತಿದ್ದಿದ ಅಂಕಿ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಆಗ ರಿಯಾಕ್ಟರ್ ಯಾರಿಗೂ ಗೊತ್ತಾಗದಂತೆ ಮಿತಿ ದಾಟಬಹುದು.

ಈಗ ನಿಯಮದ ಕಡೆಗೆ ಬರೋಣ. ದೊಡ್ಡ ಕೊಳವೆ ಒಡೆದು ರಿಯಾಕ್ಟರಿನ ನೀರು ಹೊರಹೋದರೆ ತುರ್ತು ತಂಪುಗೊಳಿಸುವ ವ್ಯವಸ್ಥೆ ಇಂಧನವನ್ನು ಕಾಪಾಡುತ್ತದೆಯೇ ಎಂಬುದನ್ನು ಪ್ರತಿ ಸ್ಥಾವರವೂ ಲೆಕ್ಕ ಹಾಕಿ ತೋರಿಸಬೇಕು. ಆ ಲೆಕ್ಕ ಹೇಗಿರಬೇಕು ಎಂದು ಅಮೆರಿಕದ ಸರ್ಕಾರ 1974ರಲ್ಲಿ ನಿಯಮ ಮಾಡಿತು. ನಿಯಮಾವಳಿಯ ಅನುಬಂಧ ‘ಕೆ’ ಎಂದೇ ಆ ಕ್ಷೇತ್ರದವರು ಅದನ್ನು ಕರೆಯುತ್ತಾರೆ. ಅಪಘಾತ ನಡೆದ ಕ್ಷಣದಲ್ಲಿ ರಿಯಾಕ್ಟರ್ ಪರವಾನಗಿಯ ಮಿತಿಯಲ್ಲಲ್ಲ, ಅದರ 1.02 ಪಟ್ಟು ಶಕ್ತಿಯಲ್ಲಿ ಓಡುತ್ತಿತ್ತು ಎಂದು ಭಾವಿಸಿಯೇ ಲೆಕ್ಕ ಮಾಡಬೇಕು ಎಂದು ಅದರಲ್ಲಿತ್ತು. ಹೆಚ್ಚಿನ ಶೇ 2 ಉಪಕರಣಗಳ ತಪ್ಪಿನಂಥ ಅನಿಶ್ಚಿತತೆಗೆ ಮೀಸಲು. ಉಪಕರಣ ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಎಲ್ಲರಿಗೂ ಅದೇ ಶೇ 2. 3,411 ಮೆಗಾವಾಟಿಗೆ ಇದು 68 ಮೆಗಾವಾಟ್ ಶಾಖ.

ಈಗ ಒಂದು ಹೋಲಿಕೆ ಕೊಟ್ಟರೆ ವಿಷಯ ತಿಳಿಯಾದೀತು. ಒಂದು ಸೇತುವೆ 10,200 ಕಿಲೋಗ್ರಾಂ ತೂಕದ ಲಾರಿಯನ್ನು ತಾಳುತ್ತದೆ ಎಂದು ಲೆಕ್ಕ ಹಾಕಿ ತೋರಿಸಲಾಗಿದೆ. ಊರ ಹೊರಗಿನ ವೇಬ್ರಿಜ್ 200 ಕಿಲೋಗ್ರಾಂವರೆಗೆ ಹೆಚ್ಚುಕಡಿಮೆ ತೋರಿಸಬಹುದು. ಹಾಗಿದ್ದಾಗ ಲಾರಿಯವನು ಮೀಟರಿನಲ್ಲಿ 10,000 ಬಂದ ಕೂಡಲೇ ಹೇರುವುದನ್ನು ನಿಲ್ಲಿಸಬೇಕು. ಮುಂದೊಂದು ದಿನ 40 ಕಿಲೋಗ್ರಾಂಗಿಂತ ಹೆಚ್ಚು ತಪ್ಪದ ವೇಬ್ರಿಜ್ ಬಂದರೆ ಅವನು 10,160 ತೋರಿಸುವವರೆಗೆ ಹೇರಬಹುದು. ಸೇತುವೆ ಅದೇ, ಅದಕ್ಕೆ ನಿಗದಿಯಾದ ಗರಿಷ್ಠ ಭಾರವೂ ಅದೇ. ಗೊತ್ತಿಲ್ಲ ಎಂಬ ಕಾರಣಕ್ಕೆ ಬಿಟ್ಟಿದ್ದ ಜಾಗ ಮಾತ್ರ ಚಿಕ್ಕದಾಯಿತು.

ಸ್ಥಾವರದಲ್ಲಿ ಆದದ್ದೂ ಇದೇ. ಹೊಸ ಮೀಟರಿನಿಂದ ಒಟ್ಟು ತಪ್ಪು ಶೇ 0.4ರೊಳಗೆ ಬಂದರೆ, ಪರವಾನಗಿಯ ಮಿತಿಯನ್ನು ಹಳೆಯ 100ರಿಂದ 101.6ಕ್ಕೆ ಏರಿಸಿ, ಅದಕ್ಕೆ 0.4 ಸೇರಿಸಿದರೂ ಲೆಕ್ಕ ಹಾಕಿ ತೋರಿಸಿದ್ದ 102ನ್ನು ದಾಟುವುದಿಲ್ಲ. ಮೀಟರು ತಾನಾಗಿ ಒಂದು ಯೂನಿಟ್ ವಿದ್ಯುತ್ತನ್ನೂ ಹುಟ್ಟಿಸುವುದಿಲ್ಲ. ರಿಯಾಕ್ಟರನ್ನು ಸ್ವಲ್ಪ ಹೆಚ್ಚು ಓಡಿಸಲು ಅನುಮತಿ ಸಿಗುತ್ತದೆ; ಇಂಧನ ಅಷ್ಟರಮಟ್ಟಿಗೆ ಬೇಗ ಸವೆಯುತ್ತದೆ, ಹಬೆ ಹೆಚ್ಚು ಬರುತ್ತದೆ, ಟರ್ಬೈನಿನ ಕವಾಟ ತುಸು ಹೆಚ್ಚು ತೆರೆಯುತ್ತದೆ. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಇದು: ಹೆಚ್ಚುವರಿ ವಿದ್ಯುತ್ ಬರುವುದು ಯುರೇನಿಯಮ್ಮಿನಿಂದಲೇ.

ಇನ್ನು ಹೊಸ ಮೀಟರಿನ ವಿಚಾರ. ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಸೆಳೆಯುವ ಭಾಗ ಇದಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇದು ಕೆಲಸ ಮಾಡುವುದು ಶ್ರವಣಾತೀತ ಧ್ವನಿಯಿಂದ. ಕೊಳವೆಯ ಎರಡು ಬದಿಗಳಲ್ಲಿ, ಒಂದಕ್ಕೊಂದು ಓರೆಯಾಗಿ, ಧ್ವನಿ ಕಳಿಸುವ ಮತ್ತು ಹಿಡಿಯುವ ಸಂವೇದಕಗಳನ್ನು ಕೂರಿಸುತ್ತಾರೆ. ಒಂದು ಮಿಡಿತ ಹರಿವಿನ ಜೊತೆಗೆ ಓರೆಯಾಗಿ ಸಾಗುತ್ತದೆ, ಇನ್ನೊಂದು ಹರಿವಿಗೆ ಎದುರಾಗಿ. ಜೊತೆಗೆ ಹೋದದ್ದು ಬೇಗ ತಲುಪುತ್ತದೆ, ಎದುರಾಗಿ ಹೋದದ್ದು ತಡವಾಗಿ. ಎರಡರ ನಡುವಿನ ಕಾಲದ ವ್ಯತ್ಯಾಸದಿಂದ ನೀರಿನ ವೇಗ ಗೊತ್ತಾಗುತ್ತದೆ.

ಈ ವ್ಯತ್ಯಾಸ ಎಷ್ಟು ಚಿಕ್ಕದೆಂದು ಒಮ್ಮೆ ಲೆಕ್ಕ ಮಾಡಿ ನೋಡಿ. ಕೊಳವೆಯ ಅಡ್ಡಳತೆ 40 ಸೆಂಟಿಮೀಟರ್, ಧ್ವನಿಯ ದಾರಿ 45 ಡಿಗ್ರಿ ಓರೆ, ನೀರಿನ ವೇಗ ಸೆಕೆಂಡಿಗೆ 4.5 ಮೀಟರ್ ಎಂದುಕೊಳ್ಳಿ. ಅಷ್ಟು ಬಿಸಿಯಾದ ನೀರಿನಲ್ಲಿ ಧ್ವನಿ ಸೆಕೆಂಡಿಗೆ ಸುಮಾರು 1,200 ಮೀಟರ್ ಸಾಗುತ್ತದೆ. ಒಂದು ಮಿಡಿತ ದಾಟಲು ಬೇಕಾಗುವುದು ಸೆಕೆಂಡಿನ ಎರಡು ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು. ಹೋಗುವ ಮತ್ತು ಬರುವ ಮಿಡಿತಗಳ ನಡುವಿನ ಅಂತರ ಬರೀ ಎರಡೂವರೆ ಮೈಕ್ರೊಸೆಕೆಂಡಿನಷ್ಟು. ಅದನ್ನು ಶೇ 0.3ರ ನಿಖರತೆಯಿಂದ ಹೇಳಬೇಕಾದರೆ ಕೆಲವೇ ನ್ಯಾನೊಸೆಕೆಂಡುಗಳನ್ನು, ಎಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವು ಭಾಗಗಳನ್ನು, ಗುರುತಿಸಬಲ್ಲ ಗಡಿಯಾರ ಬೇಕು. ಎಲೆಕ್ಟ್ರಾನಿಕ್ಸ್ ಆ ಮಟ್ಟಕ್ಕೆ ಬೆಳೆದ ಮೇಲಷ್ಟೇ ಇದು ಸಾಧ್ಯವಾಯಿತು.

ಗಡಿಯಾರವೊಂದೇ ಸಾಲದು. ಕೊಳವೆಯ ನಡುವೆ ನೀರು ವೇಗವಾಗಿ ಹರಿಯುತ್ತದೆ, ಗೋಡೆಯ ಬಳಿ ನಿಧಾನವಾಗಿ. ತಿರುವು ದಾಟಿ ಬಂದ ನೀರು ಸುಳಿಯನ್ನೂ ಹೊತ್ತು ತರುತ್ತದೆ. ಒಂದೇ ದಾರಿಯಲ್ಲಿ ಅಳೆದರೆ ಪೂರ್ತಿ ಹರಿವು ಸಿಗುವುದಿಲ್ಲ. ಅದಕ್ಕಾಗಿ ಕೊಳವೆಯನ್ನು ಬೇರೆ ಬೇರೆ ಎತ್ತರಗಳಲ್ಲಿ ಹಾಯುವ ನಾಲ್ಕು ದಾರಿಗಳನ್ನು ಒಂದು ಸಮತಲದಲ್ಲಿ, ಇನ್ನು ನಾಲ್ಕನ್ನು ಅದಕ್ಕೆ ಅಡ್ಡಲಾಗಿರುವ ಸಮತಲದಲ್ಲಿ, ಹೀಗೆ ಎಂಟು ದಾರಿಗಳನ್ನು ಇಡುವ ವಿನ್ಯಾಸ ಬಂತು. ಒಂದು ಸಮತಲದ ಓದನ್ನು ಸುಳಿ ಹೆಚ್ಚಿಸಿದರೆ ಇನ್ನೊಂದರದ್ದನ್ನು ಕಡಿಮೆ ಮಾಡುತ್ತದೆ. ಸರಾಸರಿಯಲ್ಲಿ ಅದರ ಪ್ರಭಾವ ಅಳಿಸಿಹೋಗುತ್ತದೆ. ಇಷ್ಟಾದರೂ ಕಾಗದದ ಮೇಲಿನ ವಿನ್ಯಾಸವನ್ನು ಹಾಗೆಯೇ ನಂಬುವುದಿಲ್ಲ. ಸ್ಥಾವರದಲ್ಲಿರುವಂಥದೇ ತಿರುವುಗಳನ್ನು ಕಟ್ಟಿ, ಮೀಟರನ್ನು ಅದರಲ್ಲಿ ಕೂರಿಸಿ, ಹರಿದ ನೀರನ್ನು ತೂಗಿ ನೋಡುತ್ತಾರೆ. ಮ್ಯಾಸಚೂಸೆಟ್ಸಿನ ಹೋಲ್ಡನ್‌ನಲ್ಲಿರುವ ಆಲ್ಡನ್ ಪ್ರಯೋಗಾಲಯ ಇಂಥ ಪರೀಕ್ಷೆಗಳಿಗೆ ಹೆಸರಾದದ್ದು.

ಇನ್ನೊಂದು ಲಾಭವೂ ಇದೆ. ಎರಡೂ ಮಿಡಿತಗಳ ಕಾಲವನ್ನು ಕೂಡಿಸಿ ನೋಡಿದರೆ ನೀರಿನಲ್ಲಿ ಧ್ವನಿಯ ವೇಗ ಸಿಗುತ್ತದೆ. ಧ್ವನಿಯ ವೇಗ ನೀರಿನ ಉಷ್ಣತೆಯನ್ನು ಅವಲಂಬಿಸಿರುವುದರಿಂದ ಅದೇ ಉಪಕರಣ ಉಷ್ಣತೆಯನ್ನೂ ಹೇಳಿಬಿಡುತ್ತದೆ. ಶಾಖ ಸಮತೋಲನಕ್ಕೆ ಬೇಕಾದ ಎರಡು ಅಂಕಿಗಳು ಒಂದೇ ಕಡೆ ದೊರೆತಂತಾಯಿತು.

ಕಮಾಂಚೆ ಪೀಕ್‌ನ ಎರಡನೆಯ ಘಟಕ 1999ರಲ್ಲಿ ಇಂಥ ಮೀಟರಿನ ಆಧಾರದ ಮೇಲೆ, ಶೇ 2ರ ನಿಯಮದಿಂದ ವಿನಾಯಿತಿ ಪಡೆದು, ಶೇ 1ರಷ್ಟು ಏರಿಕೆಗೆ ಅನುಮತಿ ಗಳಿಸಿತು. 3,411 ಇದ್ದದ್ದು 3,445 ಆಯಿತು. ಮರುವರ್ಷ, 2000ದಲ್ಲಿ, ಅಮೆರಿಕದ ಪರಮಾಣು ನಿಯಂತ್ರಣ ಆಯೋಗ ಅನುಬಂಧ ‘ಕೆ’ಯನ್ನೇ ತಿದ್ದಿತು. ಉಪಕರಣದ ತಪ್ಪು ಶೇ 2ಕ್ಕಿಂತ ಕಡಿಮೆ ಎಂದು ಸಾಬೀತುಪಡಿಸುವವರು ಆ ಚಿಕ್ಕ ಅಂಕಿಯನ್ನೇ ಬಳಸಬಹುದು, ಸಾಬೀತುಪಡಿಸಲಾಗದವರಿಗೆ ಹಳೆಯ ಶೇ 2 ಎಂದಾಯಿತು. ಆಮೇಲೆ ಒಂದರ ಹಿಂದೊಂದು ಸ್ಥಾವರಗಳು ಅರ್ಜಿ ಹಾಕಿದವು. ಹೆಚ್ಚಿನವುಗಳಿಗೆ ಸಿಕ್ಕಿದ್ದು ಶೇ 1.3ರಿಂದ 1.7ರವರೆಗಿನ ಏರಿಕೆ. ಶೇ 1.6 ಎಂದರೆ ದೊಡ್ಡದಲ್ಲ ಎನಿಸಬಹುದು. 1,150 ಮೆಗಾವಾಟಿನ ಘಟಕಕ್ಕೆ ಅದು ಸುಮಾರು 18 ಮೆಗಾವಾಟ್ ವಿದ್ಯುತ್. ಅಂಥ ಹನ್ನೆರಡು ಘಟಕಗಳು ಸೇರಿದರೆ ಕೈಗಾದ ಒಂದು ರಿಯಾಕ್ಟರಿನಷ್ಟಾಯಿತು, ಅದೂ ಹೊಸದಾಗಿ ಒಂದಡಿ ನೆಲ ಅಗೆಯದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ, ಸುರಕ್ಷತೆಯದು. ಇದಕ್ಕೆ ‘ಏನೂ ಬದಲಾಗಿಲ್ಲ’ ಎಂಬ ಸುಲಭದ ಉತ್ತರ ಕೊಡಲು ನನಗೆ ಮನಸ್ಸಿಲ್ಲ. ಬದಲಾಗದಿರುವುದು ಅತಿ ಕೆಟ್ಟ ಸಂದರ್ಭದ ಲೆಕ್ಕ. ರಿಯಾಕ್ಟರ್ 102ರಲ್ಲಿದ್ದಾಗ ಕೊಳವೆ ಒಡೆದರೂ ಇಂಧನ ಉಳಿಯುತ್ತದೆ ಎಂದು ಮೊದಲೇ ತೋರಿಸಿಯಾಗಿತ್ತು; ಹೊಸ ವ್ಯವಸ್ಥೆಯಲ್ಲೂ ಅದು 102ನ್ನು ದಾಟುವಂತಿಲ್ಲ. ಆದರೆ ದಿನನಿತ್ಯದ ಸರಾಸರಿ ಶಕ್ತಿ ನಿಜಕ್ಕೂ ಏರಿದೆ. ಆದ್ದರಿಂದ ಶೇ 2ರ ಮೀಸಲನ್ನು ಬಳಸದೆ ಮಾಡಿದ್ದ ಬೇರೆ ಲೆಕ್ಕಗಳಿದ್ದರೆ ಅವನ್ನು ಹೊಸ ಶಕ್ತಿಗೆ ಸರಿಯಾಗಿ ಮತ್ತೆ ಪರಿಶೀಲಿಸಬೇಕು. ಟರ್ಬೈನ್, ಜನರೇಟರ್, ಪಂಪು, ಕೊಳವೆಗಳು ಹೆಚ್ಚುವರಿ ಹರಿವನ್ನು ತಾಳುತ್ತವೆಯೇ ಎಂದೂ ನೋಡಬೇಕು. ಆಯೋಗ ಇದನ್ನೆಲ್ಲ ಕೇಳುತ್ತದೆ.

ಅಪಘಾತದ ಲೆಕ್ಕದಲ್ಲಿ ಶೇ 2ರ ಮೀಸಲೊಂದೇ ರಕ್ಷಣೆಯಲ್ಲ ಎಂಬುದನ್ನೂ ಗಮನಿಸಿ. ರಿಯಾಕ್ಟರನ್ನು ನಿಲ್ಲಿಸಿದ ಮೇಲೂ ವಿಕಿರಣಶೀಲ ಪದಾರ್ಥಗಳು ಶಾಖ ಬಿಡುತ್ತಲೇ ಇರುತ್ತವೆ. ಈ ಶಾಖವನ್ನು 1971ರ ಮಾನದಂಡ ಹೇಳುವುದಕ್ಕಿಂತ 1.2 ಪಟ್ಟು ಹೆಚ್ಚು ಎಂದು ಹಿಡಿಯಬೇಕೆಂಬುದು ಅನುಬಂಧ ‘ಕೆ’ಯ ಇನ್ನೊಂದು ಷರತ್ತು. ಮೀಟರಿನ ತಿದ್ದುಪಡಿ ಆ ಶೇ 20ನ್ನು ಮುಟ್ಟಲಿಲ್ಲ.

ನಿಜವಾದ ಕಾಳಜಿ ಇರಬೇಕಾದದ್ದು ಬೇರೆ ಕಡೆ. ‘ನನ್ನ ತಪ್ಪು ಶೇ 0.4 ಮಾತ್ರ’ ಎಂದು ಮೀಟರು ಹೇಳಿಕೊಂಡು, ನಿಜವಾಗಿ ಅದಕ್ಕಿಂತ ಹೆಚ್ಚು ತಪ್ಪಿದರೆ? ಇದು ನಡೆದೂ ಇದೆ. ಶ್ರವಣಾತೀತ ಮೀಟರುಗಳಲ್ಲಿ ಇನ್ನೊಂದು ಬಗೆಯಿದೆ. ಅದನ್ನು ಕೊಳವೆಯ ಹೊರಮೈಗೇ ಕಟ್ಟಬಹುದು. ನೀರಿನ ಸುಳಿಗಳು ಒಂದು ಧ್ವನಿಕಿರಣವನ್ನು ದಾಟಿ ಮುಂದಿನದನ್ನು ಮುಟ್ಟಲು ಎಷ್ಟು ಹೊತ್ತು ತೆಗೆದುಕೊಂಡವು ಎಂಬುದರಿಂದ ಅದು ವೇಗವನ್ನು ಕಂಡುಹಿಡಿಯುತ್ತದೆ. ಇಲಿನಾಯ್ ರಾಜ್ಯದ ಬೈರನ್ ಮತ್ತು ಬ್ರೇಡ್‌ವುಡ್ ಸ್ಥಾವರಗಳಲ್ಲಿ ವೆಂಚುರಿಯ ಓದನ್ನು ತಿದ್ದಲು ಇದನ್ನು ಬಳಸಿದ್ದರು. ಕೊಳವೆಯೊಳಗಿನ ಗದ್ದಲ ಸಂಕೇತದೊಂದಿಗೆ ಬೆರೆತು ಓದು ತಪ್ಪಾಗಿತ್ತು. ರಿಯಾಕ್ಟರುಗಳು ಪರವಾನಗಿಯ ಮಿತಿಗಿಂತ ತುಸು ಮೇಲೆ ಓಡಿದ್ದವು ಎಂದು 2000ದ ದಶಕದ ಮೊದಲ ವರ್ಷಗಳಲ್ಲಿ ಬೆಳಕಿಗೆ ಬಂತು. ಮುಂದೆ ಆ ತಂತ್ರಕ್ಕೆ ಮೊದಲು ಕೊಟ್ಟಿದ್ದ ಒಪ್ಪಿಗೆಯನ್ನು ಆಯೋಗ ಅಮಾನತಿನಲ್ಲಿಟ್ಟಿತು. ಯಾರಿಗೂ ಹಾನಿಯಾಗಲಿಲ್ಲ. ಆದರೂ ನನ್ನ ಮಟ್ಟಿಗೆ ಇದು ಈ ವಿಷಯದ ಅತಿ ಮುಖ್ಯ ಪ್ರಕರಣ. ಹಳೆಯ ಶೇ 2 ಒರಟಾಗಿತ್ತು, ನಿಜ. ಆದರೆ ನಮಗೆ ತಿಳಿಯದ ತಪ್ಪುಗಳಿಗೂ ಅದರಲ್ಲಿ ಜಾಗವಿತ್ತು. ಶೇ 0.4ರಲ್ಲಿ ಆ ಜಾಗವಿಲ್ಲ. ಅಂತರವನ್ನು ಕಿರಿದು ಮಾಡಿದವರು ಮೀಟರನ್ನು ಪ್ರತಿದಿನವೂ ಅನುಮಾನದಿಂದ ನೋಡಲೇಬೇಕು.

ಅದಕ್ಕೆ ತಕ್ಕ ವ್ಯವಸ್ಥೆಯೂ ಇದೆ. ಹೊಸ ಮೀಟರು ತನ್ನ ಎಂಟು ದಾರಿಗಳ ಓದನ್ನು ಒಂದಕ್ಕೊಂದು ಹೋಲಿಸಿ, ಯಾವುದಾದರೂ ಕೆಟ್ಟರೆ ತಾನೇ ಎಚ್ಚರಿಸುತ್ತದೆ. ಹಳೆಯ ವೆಂಚುರಿಯನ್ನೂ ತೆಗೆಯುವುದಿಲ್ಲ, ಅದು ಪಕ್ಕದಲ್ಲೇ ಇರುತ್ತದೆ. ಮೀಟರು ಕೆಟ್ಟರೆ ನಿಗದಿತ ಗಡುವಿನೊಳಗೆ ದುರಸ್ತಿಯಾಗಬೇಕು. ಆಗದಿದ್ದರೆ ರಿಯಾಕ್ಟರನ್ನು ಹಳೆಯ ಮಿತಿಗೆ ಇಳಿಸಲೇಬೇಕು. ಹೊಸ ಪರವಾನಗಿ ಸಿಗುವುದು ಈ ಷರತ್ತಿನೊಂದಿಗೇ.

ಕೊನೆಗೆ ನಿಮಗೊಂದು ಸಲಹೆ. ಅಣು ಸ್ಥಾವರದ ಶಕ್ತಿ ಏರಿಸಿದರು ಎಂಬ ಸುದ್ದಿ ಮತ್ತೆ ಕಣ್ಣಿಗೆ ಬಿದ್ದರೆ ಮೊದಲು ಶೇಕಡಾವಾರು ನೋಡಿ. ಅಮೆರಿಕದಲ್ಲಿ ಏರಿಕೆಗಳು ಮೂರು ಬಗೆ. ಶೇ 2ಕ್ಕಿಂತ ಕಡಿಮೆಯಿದ್ದರೆ ಅದು ಇಲ್ಲಿ ಹೇಳಿದ ಅಳತೆಯ ಸುಧಾರಣೆಯಿಂದ ಬಂದದ್ದಾಗಿರುವ ಸಂಭವ ಹೆಚ್ಚು. ಸುಮಾರು ಶೇ 7ರವರೆಗಿನದು ಮೂಲ ವಿನ್ಯಾಸದಲ್ಲಿ ಉಳಿದಿದ್ದ ಸಾಮರ್ಥ್ಯವನ್ನು ಬಳಸಿಕೊಂಡದ್ದು. ಶೇ 20ರವರೆಗಿನದಕ್ಕೆ ಟರ್ಬೈನ್, ಪಂಪು, ಟ್ರಾನ್ಸ್‌ಫಾರ್ಮರಿನಂಥ ದೊಡ್ಡ ಯಂತ್ರಗಳನ್ನೇ ಬದಲಿಸಬೇಕಾಗುತ್ತದೆ. 1977ರಿಂದ ಈ ಮೂರೂ ದಾರಿಗಳಿಂದ ಅಮೆರಿಕದ ಸ್ಥಾವರಗಳಿಗೆ ಸೇರಿದ ಸಾಮರ್ಥ್ಯ ಒಟ್ಟು ಸುಮಾರು 8,000 ಮೆಗಾವಾಟ್ ವಿದ್ಯುತ್. ಸುರಕ್ಷತೆಯ ಬಗ್ಗೆ ನೀವು ಕೇಳಿದ ಪ್ರಶ್ನೆಯನ್ನು ಮೂರಕ್ಕೂ ಬೇರೆ ಬೇರೆಯಾಗಿಯೇ ಕೇಳಬೇಕು, ಏಕೆಂದರೆ ಅಪಘಾತದ ಹಳೆಯ ಲೆಕ್ಕ ಹಾಗೆಯೇ ನಿಲ್ಲುವುದು ಮೊದಲನೆಯದರಲ್ಲಿ ಮಾತ್ರ.